ದೇವರ ಕರೆ ಕೈತಪ್ಪಿ ಹೋಯಿತೇ?



ಪಾಸ್ಕ ಕಾಲದ ನಾಲ್ಕನೆಯ ಭಾನುವಾರವನ್ನು ನಾವು ಉತ್ತಮ ಕುರಿಗಾಹಿಯ ಭಾನುವಾರವೆಂದು ಆಚರಿಸುತ್ತೇವೆ. ಅಂದು ಧರ್ಮಸಭೆ ಎಲ್ಲೆಡೆ ದೈವಕರೆಗಾಗಿ ಪ್ರಾರ್ಥಿಸುತ್ತದೆ. 1964ರಲ್ಲಿ ಆರಂಭವಾದ ಪದ್ಧತಿ ಇದು. ಗುರುಗಳಾಗಲು, ಧರ್ಮಭಗಿನಿಯರಾಗಲು ಯುವಕ ಯುವತಿಯರು ಮುಂದೆ ಬರಲಿ ಎಂದು ಆ ದಿನ ನಾವು ಪ್ರಬೋಧನೆ ನೀಡುತ್ತೇವೆ. ಪೀಠದ ಮುಂದೆ ಕುಳಿತವರಲ್ಲಿ ಹೆಚ್ಚಿನವರು, ಇದು ಬೇರೆಯವರ ಮಕ್ಕಳಿಗೆ ಸಂಬಂಧಿಸಿದ ಮಾತು ಎಂದುಕೊಂಡು ಕೇಳಿ ಮನೆಗೆ ಹೋಗುತ್ತಾರೆ.

ಅಂಥದ್ದೊಂದು ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬರು ಮಾತ್ರ ಮನೆಗೆ ಹೋಗಲಿಲ್ಲ. ನಲವತ್ತು ದಾಟಿದವರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೆಂಡತಿ ಮಕ್ಕಳನ್ನು ಮುಂದೆ ಕಳುಹಿಸಿ, ಗುಡಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋದಾಗ, "ಫಾದರ್, ನೀವು ಹೇಳಿದ್ದೆಲ್ಲ ಸರಿ. ಆದರೆ ಕರೆ ಬಂದು ಅದನ್ನು ಬಿಟ್ಟುಬಂದವನ ಗತಿ ಏನು ಅಂತ ನೀವು ಹೇಳಲೇ ಇಲ್ಲ" ಎಂದರು.

ಅವರ ಕಥೆ ಇಷ್ಟು. ಮಗುವಾಗಿದ್ದಾಗ ಜ್ವರ ಬಂದು ಬದುಕುವುದೇ ಕಷ್ಟವಾಗಿತ್ತು. "ಉಳಿಸಿಕೊಟ್ಟರೆ ನಿನಗೇ ಕೊಡುತ್ತೇನೆ" ಎಂದು ತಾಯಿ ಹರಕೆ ಹೊತ್ತರು. ಹುಡುಗ ಉಳಿದ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗುರುಮಠ ಸೇರಿದ. ತತ್ವಶಾಸ್ತ್ರದ ಎರಡನೆಯ ವರ್ಷದಲ್ಲಿ ಹೊರಗೆ ಬಂದ. ತಾಯಿ ಒಂದು ವರ್ಷ ಸರಿಯಾಗಿ ಮಾತನಾಡಲಿಲ್ಲವಂತೆ. ಆಮೇಲೆ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಕಿರಿಯ ಮಗಳಿಗೆ ಮೂರ್ಛೆರೋಗ. "ಅವಳಿಗೆ ಫಿಟ್ಸ್ ಬಂದು ಬಿದ್ದಾಗಲೆಲ್ಲ ನನಗೆ ಒಂದೇ ಯೋಚನೆ ಫಾದರ್. ದೇವರು ನನ್ನ ಸಾಲ ಅವಳ ಹತ್ತಿರ ವಸೂಲಿ ಮಾಡ್ತಿದ್ದಾನೆ."

ಆ ದಿನ ನಾನು ಕೂಡಲೇ ಉತ್ತರ ಕೊಡಲಿಲ್ಲ. ಅವರ ಮನೆಗೆ ಹೋಗಿ ಹಲವು ಸಾರಿ ಮಾತನಾಡಿದೆ. ಇದು ಪಾಪನಿವೇದನೆಯ ಪೀಠದಲ್ಲಿ ಕೇಳಿದ ಮಾತಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಏಕೆಂದರೆ ಇದೇ ಭಾರವನ್ನು ಬೇರೆ ಬೇರೆ ರೂಪದಲ್ಲಿ ಹೊತ್ತವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಕನ್ಯಾಮಠದಿಂದ ಹಿಂದಿರುಗಿದ ಹೆಣ್ಣುಮಕ್ಕಳಿದ್ದಾರೆ. ಮದುವೆ ಕೂಡಿಬರದೆ ಉಳಿದವರಿದ್ದಾರೆ. ಓದಬೇಕೆಂದಿದ್ದು ತಂದೆ ತೀರಿಕೊಂಡಿದ್ದರಿಂದ ಅಂಗಡಿಯಲ್ಲಿ ಕುಳಿತವರಿದ್ದಾರೆ. "ದೇವರು ನನಗೆಂದು ಇಟ್ಟಿದ್ದ ಬಾಳು ಬೇರೆ, ನಾನು ಬಾಳುತ್ತಿರುವುದು ಬೇರೆ" ಎಂಬ ಕೊರಗು ಇವರೆಲ್ಲರದು. ಈ ಕೊರಗು ನಿಜವೇ? ವಿಶ್ವಾಸದ ಬೆಳಕಿನಲ್ಲಿ ಪರೀಕ್ಷಿಸೋಣ.

ಕರೆ ಎಂದರೇನು?

ದೈವಕರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲುವಂಗಿ ಬರುತ್ತದೆ. ಪವಿತ್ರ ಗ್ರಂಥದಲ್ಲಿ ಹಾಗಿಲ್ಲ. ಬಾಲಕ ಸಮುವೇಲನ ಪ್ರಸಂಗವನ್ನು ನೆನೆಯಿರಿ (1 ಸಮು 3). ಸರ್ವೇಶ್ವರನ ಮಂದಿರದಲ್ಲಿ ಮಲಗಿದ್ದ ಹುಡುಗನನ್ನು ದೇವರು ಮೊದಲು ಹೆಸರು ಹಿಡಿದು ಕರೆಯುತ್ತಾರೆ. ಕೆಲಸ ಹೇಳಿದ್ದು ಆಮೇಲೆ. ಮೂರು ಸಲ ಹುಡುಗ ತಪ್ಪು ತಿಳಿದು ಏಲಿಯ ಬಳಿಗೆ ಓಡುತ್ತಾನೆ. ದೇವರು ಸಿಟ್ಟಾಗಿ ಬೇರೊಬ್ಬನನ್ನು ಹುಡುಕಲಿಲ್ಲ. ನಾಲ್ಕನೆಯ ಸಲವೂ ಅದೇ ಹೆಸರನ್ನು ಕರೆದರು. ತಪ್ಪು ತಿಳಿವಳಿಕೆಯಿಂದ ಕರೆ ರದ್ದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಕರೆಯಲ್ಲಿ ಮೂರು ಸ್ತರಗಳಿವೆ ಎನ್ನಬಹುದು. ಮೊದಲನೆಯದು, ದೇವರ ಮಗನಾಗಿ, ಮಗಳಾಗಿ ಇರುವ ಕರೆ. ಇದು ಜ್ಞಾನಸ್ನಾನದಲ್ಲಿ ಎಲ್ಲರಿಗೂ ದೊರೆತಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಪ್ರಮಾಣ ಪತ್ರದಲ್ಲಿ ಒಂದು ಪೂರ್ತಿ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿತು. ಪವಿತ್ರತೆ ಗುರುಗಳ, ಕನ್ಯಾಸ್ತ್ರೀಯರ ಸೊತ್ತಲ್ಲ, ಸಕಲ ಕ್ರೈಸ್ತರೂ ಅದಕ್ಕೆ ಕರೆಯಲ್ಪಟ್ಟವರು ಎಂಬುದೇ ಅದರ ಸಾರ. ಎರಡನೆಯದು ಬಾಳಿನ ದಾರಿ: ವಿವಾಹ, ಗುರುಪದವಿ, ಸನ್ಯಾಸ, ಅವಿವಾಹಿತ ಸೇವಾಜೀವನ. ಮೂರನೆಯದು ದಿನದಿನದ ಕರೆ: ಈ ದಿನ, ಈ ಮನೆಯಲ್ಲಿ, ಈ ವ್ಯಕ್ತಿಗಾಗಿ ನಾನು ಮಾಡಬೇಕಾದದ್ದು.

ನಮ್ಮ ತಪ್ಪು ಎಲ್ಲಿದೆಯೆಂದರೆ, ಎರಡನೆಯದನ್ನೇ ಇಡೀ ಕರೆ ಎಂದುಕೊಳ್ಳುತ್ತೇವೆ. ಅದು ತಪ್ಪಿದರೆ ಎಲ್ಲವೂ ತಪ್ಪಿತೆಂದು ಕುಗ್ಗುತ್ತೇವೆ. ಎರಡನೆಯದು ಮೊದಲನೆಯದನ್ನು ಬಾಳುವ ಒಂದು ದಾರಿ. ದಾರಿ ಬದಲಾಗಬಹುದು. ಮಗನಾಗಿರುವುದು ಬದಲಾಗುವುದಿಲ್ಲ.

ಹರಕೆ ಯಾರದು?

ಈಗ ಆ ತಾಯಿಯ ಹರಕೆಗೆ ಬರೋಣ. ನಮ್ಮ ಊರುಗಳಲ್ಲಿ ಇಂಥ ಹರಕೆಗಳು ಹೊಸದಲ್ಲ. ಅದರ ಹಿಂದಿನ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆ (1193) ಸ್ಪಷ್ಟವಾಗಿ ತಿಳಿಸುವಂತೆ, ಹರಕೆ ಅದನ್ನು ಮಾಡಿದವರನ್ನು ಮಾತ್ರ ಬಂಧಿಸುತ್ತದೆ. ತಾಯಿಯ ಹರಕೆ ಮಗನ ಮೇಲಿನ ಸಾಲಪತ್ರವಲ್ಲ. ಅದೇ ಸಂಹಿತೆ (1026) ಗುರುದೀಕ್ಷೆ ಪಡೆಯುವವನಿಗೆ ಪೂರ್ಣ ಸ್ವಾತಂತ್ರ್ಯ ಇರಬೇಕು, ಯಾರನ್ನೂ ಯಾವ ರೀತಿಯಲ್ಲೂ ಬಲವಂತ ಮಾಡಬಾರದು ಎಂದು ವಿಧಿಸುತ್ತದೆ.

"ಹನ್ನಳು ಸಮುವೇಲನನ್ನು ಹರಕೆ ಕೊಡಲಿಲ್ಲವೇ?" ಎಂದು ಆ ತಾಯಿಯೇ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಹೌದು, ಹನ್ನಳು ತನ್ನ ಮಗನನ್ನು ಮಂದಿರಕ್ಕೆ ಒಪ್ಪಿಸಿದಳು. ಆದರೂ ದೇವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ತಾಯಿ ಕೊಟ್ಟಾಗಿದೆಯಲ್ಲ ಎಂದು ಸುಮ್ಮನಿರದೆ, ಆ ಹುಡುಗನನ್ನೇ ಎಬ್ಬಿಸಿ ಅವನ ಬಾಯಿಂದಲೇ ಉತ್ತರ ಬಯಸಿದರು. ತಾಯಿ ಬಾಗಿಲ ತನಕ ಕರೆದೊಯ್ಯಬಹುದು. ಒಳಗಿನ ಮಾತುಕತೆ ದೇವರಿಗೂ ಮಗನಿಗೂ ಸೇರಿದ್ದು.

ಗುರುಮಠ ಇರುವುದೂ ಅದಕ್ಕಾಗಿಯೇ. ಸೇರಿದವರೆಲ್ಲ ಗುರುಗಳಾಗಲೇಬೇಕೆಂಬ ಒಪ್ಪಂದದ ಜಾಗ ಅದಲ್ಲ. ಕರೆ ಇದೆಯೋ ಇಲ್ಲವೋ ಎಂದು ಅಭ್ಯರ್ಥಿಯೂ ಧರ್ಮಸಭೆಯೂ ಜೊತೆಯಾಗಿ ಪರಿಶೀಲಿಸುವ ಜಾಗ. "ಇಲ್ಲ" ಎಂದು ಪ್ರಾಮಾಣಿಕವಾಗಿ ಕಂಡುಕೊಂಡು ಹೊರಬಂದವನು ಓಡಿಹೋದವನಲ್ಲ, ಗುರುಮಠದ ಕೆಲಸವನ್ನು ಮುಗಿಸಿಕೊಂಡೇ ಬಂದವನು.

ಇನ್ನು ಮಗಳ ಕಾಯಿಲೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇವನು ಪಾಪ ಮಾಡಿದ್ದೋ ಇವನ ಹೆತ್ತವರೋ ಎಂದು ಕೇಳಿದರು. ಇಬ್ಬರೂ ಅಲ್ಲ ಎಂದರು ಯೇಸುಸ್ವಾಮಿ (ಯೊವಾ 9). ತಂದೆಯ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸುವವರನ್ನು ನಾವು ಮನುಷ್ಯರಲ್ಲೇ ಹೀನವಾಗಿ ಕಾಣುತ್ತೇವೆ. ಪರಲೋಕದ ತಂದೆಯ ಮೇಲೆ ಅಂಥ ಆರೋಪ ಹೊರಿಸಬಹುದೇ? ಮೂರ್ಛೆರೋಗ ಮಿದುಳಿಗೆ ಸಂಬಂಧಿಸಿದ ಕಾಯಿಲೆ. ಅದಕ್ಕೆ ವೈದ್ಯರಿದ್ದಾರೆ, ಮಾತ್ರೆಗಳಿವೆ. ಸರಿಯಾಗಿ ಔಷಧಿ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಅದು ಹತೋಟಿಗೆ ಬರುತ್ತದೆ. ಒಂದು ದಿನವೂ ಮಾತ್ರೆ ತಪ್ಪಿಸದಿರುವುದು ಪ್ರಾರ್ಥನೆಗೆ ವಿರುದ್ಧವಲ್ಲ.

ಬಾಗಿಲು ಮುಚ್ಚಿದಾಗ

ಫ್ರಾನ್ಸ್ ದೇಶದಲ್ಲಿ ಲೂಯಿ ಮಾರ್ಟಿನ್ ಎಂಬ ಗಡಿಯಾರ ರಿಪೇರಿಯವರು ಇದ್ದರು. 1845ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠಕ್ಕೆ ಸೇರಲು ಹೋದರು. ಲ್ಯಾಟಿನ್ ಕಲಿತು ಬಾ ಎಂದು ಹಿಂದಕ್ಕೆ ಕಳುಹಿಸಿದರು. ಕೆಲಕಾಲ ಕಲಿತರು, ಆಗಲಿಲ್ಲ, ಕೈಬಿಟ್ಟರು. ಜೇಲಿ ಗೆರಾನ್ ಎಂಬ ಯುವತಿ ಸಂತ ವಿನ್ಸೆಂಟ್ ದೆ ಪೌಲರ ಭಗಿನಿಯರನ್ನು ಸೇರಬಯಸಿದಳು. ನಿನಗೆ ಈ ಕರೆಯಿಲ್ಲ ಎಂದು ಮಠದ ಹಿರಿಯ ಭಗಿನಿ ತಿಳಿಸಿದರು. ಆಕೆ ಲೇಸು ಹೆಣೆಯುವ ಉದ್ಯೋಗ ಹಿಡಿದಳು. ಹೀಗೆ ಮಠದ ಬಾಗಿಲಿನಿಂದ ಹಿಂದಿರುಗಿದ ಇಬ್ಬರು 1858ರ ಜುಲೈ ತಿಂಗಳಲ್ಲಿ ಅಲಾನ್ಸೋನ್ ಪಟ್ಟಣದಲ್ಲಿ ಮದುವೆಯಾದರು.

ಮದುವೆಯಾದ ಮೇಲೂ ಮಠದ ನೆನಪು ಬಿಡಲಿಲ್ಲ. ಹಲವು ತಿಂಗಳು ಅಣ್ಣತಂಗಿಯರಂತೆ ಬಾಳಿದರು. ದಾಂಪತ್ಯವೇ ನಿಮ್ಮ ಪವಿತ್ರತೆಯ ಹಾದಿ ಎಂದು ತಿದ್ದಿದವರು ಪಾಪನಿವೇದನೆಯ ಗುರುಗಳೊಬ್ಬರು. ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಧರ್ಮಪ್ರಚಾರಕ ಗುರುವಾಗುವ ಮಗನಿಗಾಗಿ ಪ್ರಾರ್ಥಿಸಿದ್ದರು. ಹುಟ್ಟಿದ ಇಬ್ಬರು ಗಂಡುಮಕ್ಕಳೂ ಉಳಿಯಲಿಲ್ಲ. ಜೇಲಿ 1877ರಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಾಗ ಕಿರಿಯ ಮಗಳಿಗೆ ನಾಲ್ಕು ವರ್ಷ. ಆ ಮಗುವೇ ಇಂದು ನಾವೆಲ್ಲರೂ ಬಲ್ಲ ಬಾಲಯೇಸುವಿನ ಸಂತ ತೆರೇಸಾ. ಕಾರ್ಮೆಲ್ ಮಠದ ಗೋಡೆ ದಾಟದ ಆಕೆಯನ್ನು 1927ರಲ್ಲಿ ಪೋಪ್ ಜಗದ್ಗುರುಗಳು ಧರ್ಮಪ್ರಚಾರ ಕಾರ್ಯದ ಪಾಲಕಿಯೆಂದು ಘೋಷಿಸಿದರು. ತಂದೆತಾಯಿಗಳನ್ನು ಪೋಪ್ ಫ್ರಾನ್ಸಿಸರು 2015ರ ಅಕ್ಟೋಬರ್ 18ರಂದು ಒಟ್ಟಾಗಿ ಸಂತಪದವಿಗೆ ಏರಿಸಿದರು. ಧರ್ಮಸಭೆಯ ಚರಿತ್ರೆಯಲ್ಲಿ ದಂಪತಿಗಳು ಜೊತೆಯಾಗಿ ಸಂತರೆಂದು ಘೋಷಿತರಾದದ್ದು ಅದೇ ಮೊದಲು.

ಆದರೆ ಈ ಕಥೆಯಿಂದ, ತಾವು ಸೇರಲಾಗದ ಮಠಕ್ಕೆ ಮಕ್ಕಳನ್ನು ಕಳುಹಿಸಿ ಸರಿದೂಗಿಸಿದರು ಎಂಬ ಪಾಠ ಕಲಿಯಬೇಡಿ. ಅವರು ಸಂತರಾದದ್ದು ಗಡಿಯಾರದ ಅಂಗಡಿಯಲ್ಲಿ, ಲೇಸಿನ ಕೆಲಸದಲ್ಲಿ, ಮಕ್ಕಳ ಸಾವಿನ ದುಃಖದಲ್ಲಿ, ಕೆಲಸದವರಿಗೆ ಸರಿಯಾಗಿ ಕೂಲಿ ಕೊಡುವುದರಲ್ಲಿ. ಅದೇ ಮನೆಯ ಇನ್ನೊಬ್ಬ ಮಗಳು ಲಿಯೋನಿಯನ್ನೂ ನೆನೆಯಿರಿ. ಓದಿನಲ್ಲಿ ಹಿಂದೆ, ಹಟಮಾರಿ. ತಾಯಿಗೆ ದೊಡ್ಡ ಚಿಂತೆಯಾಗಿದ್ದವಳು. ಮೂರು ಸಲ ಮಠ ಸೇರಿ ಮೂರು ಸಲವೂ ಹಿಂದಿರುಗಿದಳು. 1899ರಲ್ಲಿ ನಾಲ್ಕನೆಯ ಸಲ ಸೇರಿ ಉಳಿದಳು. ಆಕೆಯನ್ನು ಸಂತಳೆಂದು ಘೋಷಿಸುವ ವಿಚಾರಣೆ 2015ರಲ್ಲಿ ಆರಂಭವಾಗಿದೆ. ಹಿಂದಿರುಗಿ ಬಂದವರು ಸಂತರ ಮನೆಯಲ್ಲೂ ಇದ್ದರು.

ಕನ್ನಡ ನಾಡಿನಲ್ಲೇ ಒಂದು ಉದಾಹರಣೆ

ಗೋವೆಯ ಸಂತ ಜೋಸೆಫ್ ವಾಜ್ (1651–1711) ಗುರುದೀಕ್ಷೆ ಪಡೆದ ಮೇಲೆ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೋಗಬಯಸಿದರು. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ವಿಶ್ವಾಸಿಗಳು ಕುರುಬನಿಲ್ಲದ ಕುರಿಗಳಂತಿದ್ದರು. ಆದರೆ 1681ರಲ್ಲಿ ಹಿರಿಯರು ಅವರನ್ನು ಕಳುಹಿಸಿದ್ದು ಕೆನರಾಕ್ಕೆ. ಬಯಸಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಇಲ್ಲಿ ಅಧಿಕಾರ ವ್ಯಾಪ್ತಿಯ ಕುರಿತು ಧರ್ಮಸಭೆಯೊಳಗೇ ಜಗಳವೂ ಇತ್ತು. ಅವರು ಗೊಣಗದೆ ಮೂರು ವರ್ಷ ನಮ್ಮ ಕರಾವಳಿಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿ, ಚದುರಿದ ವಿಶ್ವಾಸಿಗಳನ್ನು ಕೂಡಿಸಿ, ಸಂಸ್ಕಾರಗಳನ್ನು ನೀಡಿದರು. ಆಮೇಲೆ 1687ರಲ್ಲಿ ಬಡವನ ವೇಷದಲ್ಲಿ ಸಿಲೋನ್ ಸೇರಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸೆರೆಮನೆ ಕಂಡರು. ಸಿಡುಬು ಹಬ್ಬಿದಾಗ ರೋಗಿಗಳ ಸೇವೆ ಮಾಡಿದರು. ಊರಿಗೆ ಮರಳದೆ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೋದಲ್ಲಿ ಅವರಿಗೆ ಸಂತಪದವಿ ದೊರೆಯಿತು. ಮಂಗಳೂರಿನ ಬಳಿ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು.

ಕೆನರಾದ ಆ ಮೂರು ವರ್ಷ ವ್ಯರ್ಥವೇ? ಗುರುಗಳಿಲ್ಲದ ಜನರ ನಡುವೆ ನಡೆದು ಹೋಗುವುದನ್ನು ಅವರು ಅಲ್ಲಿ ಮಾಡಿದರು; ಮುಂದೆ ಸಿಲೋನಿನಲ್ಲಿ ಮಾಡಿದ್ದೂ ಅದನ್ನೇ. ನಮಗೆ ಬಳಸುದಾರಿಯಾಗಿ ಕಂಡದ್ದು ದೇವರ ಲೆಕ್ಕದಲ್ಲಿ ದಾರಿಯೇ ಆಗಿತ್ತು.

ಹಾಗಾದರೆ ತಪ್ಪುವುದೇ ಇಲ್ಲವೇ?

ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ದೇವರ ಕರೆಗೆ ಬೆನ್ನು ತೋರಿಸಲು ಸಾಧ್ಯವಿದೆ. ಶ್ರೀಮಂತ ಯುವಕ ಆಸ್ತಿ ಬಿಡಲಾಗದೆ ದುಃಖದಿಂದ ಹೊರಟುಹೋದ (ಮಾರ್ಕ 10). ಗುರುಮಠದಿಂದ ಬಂದ ನಮ್ಮ ಆ ಸಹೋದರರೂ ಒಂದು ದಿನ, "ಕರೆ ಇಲ್ಲ ಅಂತ ಬಂದೆನೋ, ಕಷ್ಟ ಅಂತ ಬಂದೆನೋ, ನನಗೇ ಗೊತ್ತಿಲ್ಲ ಫಾದರ್" ಎಂದರು. ಇಪ್ಪತ್ತು ವರ್ಷಗಳ ನಂತರ ಅದನ್ನು ತೂಗಿ ನೋಡಲು ನನ್ನಲ್ಲಿ ತಕ್ಕಡಿ ಇಲ್ಲ. ಮನುಷ್ಯನ ಉದ್ದೇಶಗಳು ಬಹುತೇಕ ಬೆರಕೆಯೇ.

ಆದರೆ ಒಂದು ಮಾತು ಖಚಿತ. ಪೇತ್ರ ಅಡಿಗಡಿಗೆ ಅಲ್ಲ, ಸ್ಪಷ್ಟವಾಗಿ ಮೂರು ಸಲ ತನ್ನ ಗುರುವನ್ನು ನಿರಾಕರಿಸಿದ. ಪುನರುತ್ಥಾನರಾದ ಯೇಸು ಸರೋವರದ ದಡದಲ್ಲಿ ಅವನ ಹಳೆಯ ಲೆಕ್ಕ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಕುರಿಗಳನ್ನು ಒಪ್ಪಿಸಿದರು (ಯೊವಾ 21). ನಿಜವಾಗಿ ತಪ್ಪಿದವನಿಗೂ ದೇವರು ಇಂದು ನಿಂತಿರುವ ಜಾಗದಿಂದಲೇ ದಾರಿ ತೋರಿಸುತ್ತಾರೆ. ತಪ್ಪಿದೆ ಎನಿಸಿದರೆ ಪಾಪನಿವೇದನೆಯಲ್ಲಿ ಒಪ್ಪಿಕೊಳ್ಳಿ, ಕ್ಷಮೆ ಪಡೆಯಿರಿ. ಕ್ಷಮೆ ಪಡೆದುದನ್ನು ಮತ್ತೆ ಮತ್ತೆ ಕೆದಕುವುದು ಪಶ್ಚಾತ್ತಾಪವಲ್ಲ. ದೇವರ ಮಾತಿನ ಮೇಲಿನ ಅಪನಂಬಿಕೆ.

ಕರೆಯನ್ನು ಗುರುತಿಸುವ ಬಗೆ

1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಇಗ್ನೇಷಿಯಸ್ ಎಂಬ ಸ್ಪೇನಿನ ಯೋಧ ಲೊಯೋಲದ ತನ್ನ ಮನೆಯಲ್ಲಿ ಮಲಗಿದ್ದ. ವೀರರ ಕಥೆ ಓದಬಯಸಿದವನಿಗೆ ಸಿಕ್ಕಿದ್ದು ಕ್ರಿಸ್ತರ ಮತ್ತು ಸಂತರ ಚರಿತ್ರೆ. ಲೌಕಿಕ ಕೀರ್ತಿಯ ಕನಸು ಕಾಣುವಾಗ ಹಿತವೆನಿಸಿದರೂ ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬಾಳುವ ಯೋಚನೆ ಮಾತ್ರ ಮುಗಿದ ಮೇಲೂ ಸಂತೋಷ ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಹೊಸ ಬಾಳಿನ ಆರಂಭ. ನಾವೂ ಮನೆಯಲ್ಲಿ ಹೀಗೆ ಮಾಡಬಹುದು:

1. ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಮೌನವಾಗಿ ದಿನವನ್ನು ಹಿಂದಿರುಗಿ ನೋಡಿ. ಯಾವುದು ಕ್ಷಣಕಾಲ ರುಚಿಸಿ ಆಮೇಲೆ ಖಾಲಿ ಮಾಡಿತು? ಯಾವುದು ಕಷ್ಟವಾದರೂ ಶಾಂತಿ ಉಳಿಸಿತು?

2. ದೊಡ್ಡ ನಿರ್ಧಾರವನ್ನು ಮನಸ್ಸು ಕುಗ್ಗಿರುವಾಗ ಬದಲಿಸಬೇಡಿ. ಕತ್ತಲಾದಾಗ ದಾರಿ ಬದಲಿಸಿದವನು ಕಾಡಿಗೆ ಹೋದಾನು. ಇದು ಇಗ್ನೇಷಿಯಸರೇ ಕಲಿಸಿದ ಎಚ್ಚರ.

3. ಮನಸ್ಸಿನ ಒಲವನ್ನು ನಿಮ್ಮ ಶಕ್ತಿ, ಆರೋಗ್ಯ, ಈಗಾಗಲೇ ಹೊತ್ತಿರುವ ಜವಾಬ್ದಾರಿಗಳ ಜೊತೆ ಇಟ್ಟು ನೋಡಿ. ಹೆಂಡತಿ ಮಕ್ಕಳನ್ನು ಮರೆಸುವ "ಕರೆ" ದೇವರದಲ್ಲ.

4. ಒಬ್ಬರೇ ತೀರ್ಮಾನಿಸಬೇಡಿ. ಸಮುವೇಲನಿಗೂ ಏಲಿ ಬೇಕಾಯಿತು. ನಿಮ್ಮನ್ನು ಬಲ್ಲ ಗುರುಗಳ, ಧರ್ಮಭಗಿನಿಯರ, ಅನುಭವಸ್ಥ ಹಿರಿಯರ ಮುಂದೆ ಮನಸ್ಸು ಬಿಚ್ಚಿ.

5. ಭಾವನೆ ಬತ್ತಿದರೆ ಕರೆ ಮುಗಿಯಿತೆಂದು ತಿಳಿಯಬೇಡಿ. ಸಂತ ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಬಡವರ ಸೇವೆಗೆ ಕರೆ ಪಡೆದರು. ಮುಂದೆ ಎಷ್ಟೋ ವರ್ಷ ಅವರ ಪ್ರಾರ್ಥನೆ ಕತ್ತಲಲ್ಲೇ ಸಾಗಿತೆಂದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿಯಿತು. ಸೇವೆ ಮಾತ್ರ ನಿಲ್ಲಲಿಲ್ಲ.

ಹೆತ್ತವರಿಗೆ ಒಂದು ಮಾತು

ಮಕ್ಕಳಲ್ಲಿ ಗುರುಪದವಿಯ, ಸನ್ಯಾಸದ ಆಸೆ ಕಂಡರೆ ತಣ್ಣೀರು ಎರಚಬೇಡಿ. ಕಾಣದಿದ್ದರೆ ಒತ್ತಾಯದಿಂದ ಹುಟ್ಟಿಸಬೇಡಿ. ಹಿಂದಿರುಗಿ ಬಂದ ಮಗನನ್ನೋ ಮಗಳನ್ನೋ ಊರವರ ಮಾತಿಗೆ ಹೆದರಿ ಮನೆಯೊಳಗೆ ಬಚ್ಚಿಡಬೇಡಿ. ಅವರಿಗೆ ಊಟ ಬಡಿಸಿ, ಸಮಯ ಕೊಡಿ. ಧರ್ಮಕೇಂದ್ರದ ಜನರೂ "ಯಾಕೆ ಬಿಟ್ಟು ಬಂದೆ?" ಎಂದು ಪೂಜೆ ಮುಗಿದ ಕೂಡಲೇ ಬಾಗಿಲಲ್ಲಿ ವಿಚಾರಣೆ ನಡೆಸುವುದನ್ನು ಬಿಡಬೇಕು. ಪಾಠ ಹೇಳುವ ಗುರುಗಳಾದ ನಾವೂ ಕಲಿಯಬೇಕಾದದ್ದಿದೆ. ಆ ಭಾನುವಾರದ ನನ್ನ ಪ್ರಬೋಧನೆಯಲ್ಲಿ ಹಿಂದಿರುಗಿದವರಿಗೆ ಒಂದು ವಾಕ್ಯವೂ ಇರಲಿಲ್ಲ.

ಕಳೆದ ಸಲ ಆ ಮನೆಗೆ ಹೋದಾಗ ಸಹೋದರರು ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅವರ ತಾಯಿ ಜಗಲಿಯಲ್ಲಿ ಕುಳಿತಿದ್ದರು. ಮೊಮ್ಮಗಳಿಗೆ ಹೇಗಿದೆ ಎಂದು ಕೇಳಿದೆ. "ಪರವಾಗಿಲ್ಲ ಸ್ವಾಮಿ. ಈಗೀಗ ಕಡಿಮೆ. ಅವನೇ ದಿನಾ ರಾತ್ರಿ ಮಾತ್ರೆ ಕೊಟ್ಟು, ಹಣೆ ಮೇಲೆ ಶಿಲುಬೆ ಗುರುತು ಹಾಕಿ, ಅವಳಿಗೆ ನಿದ್ದೆ ಹತ್ತೋವರೆಗೂ ಪಕ್ಕದಲ್ಲೇ ಕೂತಿರ್ತಾನೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ದೇವರಿಗೆ ಕೊಟ್ಟಿದ್ದು ವಾಪಸ್ ಬಂತು ಅಂದ್ಕೊಂಡಿದ್ದೆ. ಅವನು ಎಲ್ಲಿಗೂ ವಾಪಸ್ ಬಂದಿಲ್ಲ ಅನ್ನಿಸುತ್ತೆ" ಎಂದರು.

ನಾನು ಅದಕ್ಕೆ ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಕುಟುಂಬದಲ್ಲಿ ಚಿಂತನೆಗಾಗಿ:

– ದೇವರು ನನ್ನಿಂದ ಈ ವಾರ, ಈ ಮನೆಯಲ್ಲಿ ಬಯಸುವ ಒಂದು ಕೆಲಸ ಯಾವುದು?

– ನಮ್ಮ ಮಕ್ಕಳ ಬಾಳನ್ನು ಕುರಿತು ನಾವು ಹೊತ್ತಿರುವ ಆಸೆಗಳಲ್ಲಿ ದೇವರದು ಎಷ್ಟು, ನಮ್ಮದು ಎಷ್ಟು?

– ಗುರುಮಠದಿಂದಲೋ ಕನ್ಯಾಮಠದಿಂದಲೋ ಹಿಂದಿರುಗಿದವರು ನಮ್ಮ ಕೇರಿಯಲ್ಲಿದ್ದರೆ ಅವರನ್ನು ನಾವು ಹೇಗೆ ಕಾಣುತ್ತಿದ್ದೇವೆ?

ಪ್ರಾರ್ಥನೆ: ತಂದೆಯೇ, ನಮ್ಮನ್ನು ಹೆಸರು ಹಿಡಿದು ಕರೆದಿದ್ದೀರಿ. ನಾವು ಬಯಸಿದ ದಾರಿ ಮುಚ್ಚಿದಾಗ ನೀವು ತೆರೆಯುವ ದಾರಿಯನ್ನು ಕಾಣುವ ಕಣ್ಣು ಕೊಡಿ. ತಪ್ಪಿದ್ದರೆ ಕ್ಷಮಿಸಿ, ಎಬ್ಬಿಸಿ. ನಾಜರೇತಿನ ಮನೆಯಲ್ಲಿ ಮರಿಯಾ ಮಾತೆಯೂ ಸಂತ ಜೋಸೆಫರೂ ಮಾಡಿದಂತೆ, ಇಂದಿನ ಕೆಲಸವನ್ನು ಇಂದು ಪ್ರೀತಿಯಿಂದ ಮಾಡುವ ವರ ನೀಡಿ. ಆಮೆನ್.